ಡಬ್ಲಿನ್ನಿನ ಕಂಬದ ಮ್ಯಾಲ ಎಲಿ, ನಮ್ಮ ಸಾಲಿ ಮುಂದ ಒಡದ ಫರಸಿ

ಸಂಪಾದಕರಿಗೆ ಕಲಬುರಗಿಯಿಂದ ನಮಸ್ಕಾರ್ರಿ,

ಪೇಪರಿಗೆ ಪತ್ರ ಬರಿಯೋದು ನನಗ ಇದೇ ಮೊದಲ ಸಲ. ನಾನು ಶಹಾಬಾದ್ ಹತ್ರದ ಒಂದು ಸಣ್ಣ ಊರಿನಾಂವ, ನಮ್ಮಪ್ಪ ಇಡೀ ಆಯುಷ್ಯ ಖಣಿಯಾಗ ಫರಸಿ, ಅಂದ್ರ ನೆಲಕ್ಕ ಹಾಸೋ ಶಾಬಾದಿ ಕಲ್ಲು, ಎಬ್ಬಿಸೋ ಕೆಲಸ ಮಾಡಿದ, ನಾನು ಈಗ ಇಲ್ಲೇ ಕಲಬುರಗಿಯಾಗ ಸಣ್ಣಪುಟ್ಟ ಮನಿ ಕಟ್ಟಿಸೋ ಕಾಂಟ್ರ್ಯಾಕ್ಟ್ ಮಾಡ್ಕೊಂಡು ಅದೀನಿ. ಹೋದ ತಿಂಗಳು ಊರಿಗೆ ಹೋದಾಗ ನಾ ಓದಿದ ಸಾಲಿ ಕಡಿ ಹೋಗಿದ್ದೆ. ರಿಪೇರಿ ನಡದಿತ್ತು. ಕ್ಲಾಸ್‌ರೂಮಿನ ಹಳೇ ಫರಸಿ ಎಲ್ಲಾ ಹಾರಿ ಹಾಕಿ ಕಿತ್ತು, ಒಡದು, ಗೇಟಿನ ಹೊರಗ ಒಟ್ಟಿದ್ರು, ಒಳಗ ಹೊಳಿಯೋ ಬಿಳಿ ಟೈಲ್ಸ್ ಕೂಡಸ್ತಿದ್ರು. ಆ ಫರಸಿ ಮ್ಯಾಲ ನಾನು ಬರಿಗಾಲಿಲೆ ಕುಂತು ಅಕ್ಷರ ಕಲ್ತೀನ್ರಿ, ಬ್ಯಾಸಿಗಿಯಾಗ ಲೈಟ್ ಹೋದಾಗ ಅದರ ಮ್ಯಾಲೇ ಮಲಗ್ತಿದ್ವಿ, ಅಷ್ಟು ತಂಪು. ಹುಡುಗರ ಕಾಲು ಆಡಿ ಆಡಿ ಕನ್ನಡಿ ಹಂಗ ನುಣುಪಾಗಿದ್ವು. ಇನ್ನೂ ನೂರು ವರ್ಷ ಇರ್ತಿದ್ವು ಅವು.

ಅದೇ ವಾರದಾಗ ನನ್ನ ಮಗಳು ವಿಡಿಯೋ ಕಾಲ್ ಮಾಡಿದ್ಳು. ಅಕಿ ಐರ್ಲೆಂಡಿನ ಡಬ್ಲಿನ್ನಿನ್ಯಾಗ ಎಂ.ಎಸ್ಸಿ. ಓದ್ತಾಳ. ಅವತ್ತು ಅಲ್ಲಿನ ಟ್ರಿನಿಟಿ ಕಾಲೇಜಿನ ಮ್ಯೂಸಿಯಂ ಬಿಲ್ಡಿಂಗ್ ನೋಡಾಕ ಹೋಗಿದ್ದಳಂತ, ಹೆಸರು ಮ್ಯೂಸಿಯಂ ಅಂತ ಇದ್ರೂ ಈಗ ಅದು ಜಿಯಾಲಜಿ, ಸಿವಿಲ್ ಇಂಜಿನಿಯರಿಂಗ್ ಕಲಸೋ ಜಾಗ, ಒಳಗ ಹೊಕ್ಕ ಕೂಡ್ಲೆ ಹಳೇ ಕಾಲದ ದೈತ್ಯ ಜಿಂಕಿಗಳ ಎರಡು ಅಸ್ಥಿಪಂಜರ ಆಳೆತ್ತರದ ಕೋಡು ಹೊತ್ಕೊಂಡು ನಿಂತಾವ. ಅಕಿ ಫೋನ್ ಮ್ಯಾಲ ಎತ್ತಿ ಹಿಡದು ಪಪ್ಪಾ ಈ ಕಂಬದ ತಲಿ ನೋಡು ಅಂದ್ಳು. ನೋಡ್ದೆ. ಕಲ್ಲಿನ್ಯಾಗ ಎಲಿ, ಬಳ್ಳಿ, ಹೂವು, ಒಂದರ ಹಂಗ ಇನ್ನೊಂದಿಲ್ಲ. ಕೆಳಗಿನ ಕಂಬ ಒಂದು ಹಸಿರು, ಒಂದು ಕೆಂಪು, ಒಂದು ಕರಿ. ಇವು ಹೆಚ್ಚಾಗಿ ಇಲ್ಲಿಂದೇ ಕಲ್ಲು ಪಪ್ಪಾ, ಹಸಿರು ಕಾನೆಮಾರಾದ್ದು, ಕೆಂಪು ಕಾರ್ಕಿಂದು ಅಂದ್ಳು. ನನಗ ಅವತ್ತು ರಾತ್ರಿ ನಿದ್ದಿ ಬರಲಿಲ್ಲ. ಯಾಕಂದ್ರ ಕಣ್ಣು ಮುಚ್ಚಿದ್ರ ಸಾಲಿ ಗೇಟಿನ ಮುಂದ ಒಡದು ಬಿದ್ದ ಫರಸಿನೇ ಕಾಣ್ತಿತ್ತು.

ಆಮ್ಯಾಲ ಮಗಳ ಕಡಿಂದ ಕೇಳಿ, ಅಕಿ ಕಳಿಸಿದ್ದೆಲ್ಲಾ ಓದಿ, ಆ ಬಿಲ್ಡಿಂಗ್ ಕಟ್ಟಿದಾಂವ ಯಾರು ಅಂತ ತಿಳ್ಕೊಂಡೆ. ಹೆಸರು ಬೆಂಜಮಿನ್ ವುಡ್‌ವರ್ಡ್. 1816ರಾಗ ಐರ್ಲೆಂಡಿನ ಟಲ್ಲಮೋರ್ ಅನ್ನೋ ಊರಾಗ ಹುಟ್ಟಿದ್ದು, ಕಲ್ತಿದ್ದು ಸಿವಿಲ್ ಇಂಜಿನಿಯರ್ ಕೆಲಸ, ಆಮ್ಯಾಲ ಕಾರ್ಕ್ ಊರಿನ ಸರ್ ಥಾಮಸ್ ಡೀನ್ ಅನ್ನೋ ದೊಡ್ಡ ಬಿಲ್ಡರ್ ಕಡಿ ಸೇರಿ ಪಾರ್ಟ್ನರ್ ಆದ. ಭಾಳ ಮಾತಾಡದ ಮನುಷ್ಯ ಅಂತ. ಕ್ಷಯ ಬಂದು 1861ರಾಗ ಫ್ರಾನ್ಸಿನ ಲಿಯಾನ್ ಊರಾಗ ತೀರ್ಕೊಂಡ, ಐವತ್ತೂ ತುಂಬಿರಲಿಲ್ಲ. ಅಷ್ಟರಾಗೇ ಟ್ರಿನಿಟಿಯ ಈ ಬಿಲ್ಡಿಂಗು (1853ರಿಂದ 1857), ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಮ್ಯೂಸಿಯಂ (1855ರಿಂದ 1860), ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟ್ ಕ್ಲಬ್ ಇವೆಲ್ಲಾ ಮಾಡಿ ಹೋಗ್ಯಾನ. ಇವಕ್ಕೆಲ್ಲಾ ಮೊದಲು ಡೀನ್ ಅವರ ಕಂಪನಿ ಕಾರ್ಕಿನ್ಯಾಗ ಕ್ವೀನ್ಸ್ ಕಾಲೇಜ್ ಕಟ್ಟಿತ್ತು, 1849ರಾಗ ಓಪನ್ ಆಯ್ತು, ವುಡ್‌ವರ್ಡ್ ಅದರಾಗೂ ಕೈಗೂಡಿಸಿದ್ದ. ಆ ಕಾಲೇಜ್ ಕಟ್ಟಿದ್ದು ಅಲ್ಲಿನದೇ ಸುಣ್ಣದ ಕಲ್ಲಿನ್ಯಾಗ್ರಿ. ಸುಣ್ಣದ ಕಲ್ಲು ಅಂದ್ರ ನಮ್ಮ ಶಾಬಾದಿ ಕಲ್ಲಿನ ಜಾತಿದ್ದೇ. ವರ್ಷ ನೋಡ್ರಿ, 1840ರ ದಶಕ, ಐರ್ಲೆಂಡಿನ್ಯಾಗ ಆಲೂಗಡ್ಡಿ ಬೆಳಿ ಕೊಳತು ಲಕ್ಷಾಂತರ ಮಂದಿ ಹಸಿದು ಸತ್ತ ಕಾಲ, ಉಳಿದವರಾಗ ಭಾಳ ಮಂದಿ ಹಡಗು ಹತ್ತಿ ದೇಶ ಬಿಟ್ಟ ಕಾಲ. ಅಂಥಾ ಬಡತನದಾಗೂ ಅವರು ತಮ್ಮ ನೆಲದ ಕಲ್ಲು ಕೀಳು ಅಂತ ಅನ್ಕೊಳ್ಳಿಲ್ಲ.

ನನಗ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಕೆತ್ತಿದವರ ಸುದ್ದಿ. ಜೇಮ್ಸ್ ಓಶೇ, ಜಾನ್ ಓಶೇ ಅಂತ ಅಣ್ಣತಮ್ಮರು, ಕಾರ್ಕ್ ಜಿಲ್ಲೆಯ ಬ್ಯಾಲಿಹೂಲಿ ಅನ್ನೋ ಹಳ್ಳಿಯವರು, ಅವರ ಜೋಡಿ ಸೋದರಳಿಯ ಎಡ್ವರ್ಡ್ ವೀಲನ್. ಇವರು ಡ್ರಾಯಿಂಗ್ ನೋಡಿ ಹಂಗೇ ಇಳಿಸೋ ಕೂಲಿಗಳಾಗಿ ಬರಲಿಲ್ಲ. ಆಕ್ಸ್‌ಫರ್ಡಿನ್ಯಾಗ ಕೆಲಸ ಮಾಡುವಾಗ ಅಲ್ಲಿನ ಬೊಟಾನಿಕಲ್ ಗಾರ್ಡನ್ನಿಂದ ಖರೇ ಖರೇ ಗಿಡ ತರಸಿ ಮುಂದ ಇಟ್ಕೊಂಡು, ಆ ಎಲಿ ಹೆಂಗ ಬಾಗೇದ, ಆ ನರ ಎಲ್ಲಿಂದ ಎಲ್ಲಿಗಿ ಹೋಗೇದ ನೋಡಿ ಕಲ್ಲಿಗಿ ಇಳಸ್ತಿದ್ರು. ಯಾವ ಎಲಿ ಹೆಂಗ ಕೂಡಬೇಕು ಅನ್ನೋದು ಅವರ ಕೈಗೇ ಬಿಟ್ಟಿದ್ದು. ಆ ಕಾಲದಾಗ ಜಾನ್ ರಸ್ಕಿನ್ ಅಂತ ದೊಡ್ಡ ವಿಚಾರವಂತ ಇದ್ದ, ಕೆಲಸಗಾರ ಮನಸ್ಸು ಹಾಕಿ ಖುಷಿಯಿಂದ ಮಾಡಿದ್ದು ಕಲ್ಲಿನ್ಯಾಗ ಕಾಣ್ತದ, ಮಷಿನ್ ಹಂಗ ದುಡಿಸಿದ್ದೂ ಕಾಣ್ತದ ಅನ್ನೋದು ಅವನ ವಾದ, ವುಡ್‌ವರ್ಡ್ ಆ ಮಾತು ಖರೇ ಮಾಡಿ ತೋರಿಸಿದ. ನಾನು ಇಪ್ಪತ್ತು ವರ್ಷದಿಂದ ಗೌಂಡಿಗಳ ಜೋಡಿ ಕೆಲಸ ಮಾಡ್ತೀನಿ, ಈ ಮಾತು ನೂರಕ್ಕ ನೂರು ಖರೇ ಅದ. ಹೇಳಿದಷ್ಟೇ ಮಾಡು ಅಂತ ಅಂದ್ರ ಗೋಡಿ ಎದ್ದು ನಿಲ್ತದ ಅಷ್ಟೇ, ಇದು ನಿನ್ನ ಗೋಡಿ ನೀನೇ ನೋಡಪಾ ಅಂದ್ರ ಅದೇ ಗೌಂಡಿ ಮೂಲಿ ಕಲ್ಲು ಮೂರು ಸಲ ತಿರುವಿ ನೋಡಿ ಕೂಡಸ್ತಾನ.

ಹಂಗಂತ ಎಲ್ಲಾ ಸುಸೂತ್ರ ನಡೀತು ಅಂತಲ್ಲ. ಆಕ್ಸ್‌ಫರ್ಡಿನ್ಯಾಗ ಯೂನಿವರ್ಸಿಟಿ ಬಿಲ್ಡಿಂಗಿಗೆ ರೊಕ್ಕ ಕೊಡ್ತು, ಕೆತ್ತನಿಗೆ ಕೊಡಲಿಲ್ಲ, ಅದಕ್ಕ ಮಂದಿ ಕಡಿಂದ ಪಟ್ಟಿ ಎತ್ತಬೇಕಾತು, ಅದೂ ಸಾಲಲಿಲ್ಲ. ಓಶೇ ಅಣ್ಣತಮ್ಮರಾಗ ಒಬ್ಬಾಂವ ಕಿಟಕಿ ಮ್ಯಾಲ ಮಂಗ್ಯಾ ಕೆತ್ತಿದಾಗ ಯೂನಿವರ್ಸಿಟಿ ದೊಡ್ಡವರಿಗೆ ಸಿಟ್ಟು ಬಂತು, ಜಗಳ ಬೆಳದು ಕೆಲಸದಿಂದ ತಗದ್ರು, ಅವನು ಆ ಸಂಕಟದಾಗ ಬಾಗಿಲ ಮ್ಯಾಲ ಗಿಳಿ ಗೂಗಿ ಕೆತ್ತಿ ಇವು ನೀವೇ ಅಂದನಂತ, ಆಮ್ಯಾಲ ಅವುಗಳ ತಲಿ ಅವನ ಕೈಯಿಂದಲೇ ಒಡಸಿದ್ರಂತ ಹೇಳ್ತಾರ. ತಲಿ ಇಲ್ಲದ ಆ ಕಲ್ಲು ಇವತ್ತಿಗೂ ಅಲ್ಲೇ ಅದಾವ. ಒಳಗ ಎಷ್ಟೋ ಕೆತ್ತನಿ ಅರ್ಧಕ್ಕೇ ನಿಂತು ಹೋತು. ಇದನ್ನ ಓದುವಾಗ ನನಗ ನಮ್ಮಪ್ಪನ ನೆನಪು ಬಂತು. ಕಲ್ಲು ತೂಕ ಮಾಡೋ ಹೊತ್ತಿನ್ಯಾಗ ಮಾಲಕರ ಕಡಿಯವರ ಮುಂದ ನಿಂತು ಅಂವ ಒಂದು ಮಾತು ಆಡಿದ್ದಕ್ಕ ಎರಡು ವಾರ ಕೆಲಸ ಇರಲಿಲ್ಲ ನಮ್ಮನಿಯಾಗ. ಓಶೇ ಹೆಸರು ನೂರಾ ಅರವತ್ತು ವರ್ಷ ಆದ ಮ್ಯಾಲೂ ಒಬ್ಬ ಕಲಬುರಗಿಯವನಿಗೆ ಗೊತ್ತಾತು. ನಮ್ಮಪ್ಪ ಎಬ್ಬಿಸಿದ ಫರಸಿ ಮುಂಬೈ ಮಟ ಹೋಗ್ಯಾವ, ಪುಣೆ ಮಟ ಹೋಗ್ಯಾವ, ಎಷ್ಟು ರೈಲ್ವೆ ಸ್ಟೇಷನ್ನಿನ್ಯಾಗ ಎಷ್ಟು ಮಂದಿ ಅದರ ಮ್ಯಾಲ ನಡದಾರೋ, ಅವನ ಹೆಸರು ಎಲ್ಲೂ ಇಲ್ಲ.

ಆಕ್ಸ್‌ಫರ್ಡ್ ಮ್ಯೂಸಿಯಮ್ಮಿನ ಇನ್ನೊಂದು ವಿಷಯ ಹೇಳಲೇಬೇಕು. ನಡುವಿನ ದೊಡ್ಡ ಅಂಗಳದ ಸುತ್ತ ನೂರಕ್ಕೂ ಹೆಚ್ಚು ಕಂಬ ಅದಾವ, ಒಂದೊಂದು ಕಂಬ ಒಂದೊಂದು ಕಲ್ಲು, ಆ ದೇಶದ ಬ್ಯಾರೆ ಬ್ಯಾರೆ ಮೂಲಿಯಿಂದ ಜಾನ್ ಫಿಲಿಪ್ಸ್ ಅನ್ನೋ ಜಿಯಾಲಜಿ ಪಂಡಿತ ಆರಿಸಿ ತರಿಸಿದ್ದು. ಕಂಬದ ಬುಡದಾಗ ಇದು ಯಾವ ಕಲ್ಲು, ಯಾವ ಊರಿಂದು ಅಂತ ಕೆತ್ತಿ ಬರದಾರ. ಅಂದ್ರ ಹುಡುಗ ಒಳಗ ಬಂದು ಪುಸ್ತಕ ತಗಿಯೋ ಮೊದಲೇ ಬಿಲ್ಡಿಂಗೇ ಅವನಿಗೆ ಪಾಠ ಹೇಳ್ತದ. ಎಂಥಾ ವಿಚಾರ ನೋಡ್ರಿ ಇದು!

ಈಗ ನಮ್ಮ ಕಡಿ ಬರೋಣ. ನಮ್ಮ ಮೂರು ಜಿಲ್ಲಾದಾಗ ಕಲ್ಲಿಗೆ ಏನು ಕಮ್ಮಿ ಅದ್ರಿ? ಬೀದರದಾಗ ಕೆಂಪು ಜಂಬಿಟ್ಟಿಗಿ, ನೆಲದಿಂದ ತಗದಾಗ ಮೆತ್ತಗ ಇರ್ತದ, ಗಾಳಿಗಿ ಇಟ್ರ ಗಟ್ಟಿ ಆಗ್ತದ, ಬೀದರ ಕೋಟಿ ನೋಡ್ರಿ. ಕಲಬುರಗಿ ಸುತ್ತ ಕರಿ ಕಲ್ಲು. ಯಾದಗಿರಿಯಾಗ ಗ್ರಾನೈಟ್ ಗುಡ್ಡ, ಆ ಗುಡ್ಡದ ಮ್ಯಾಲೇ ಕೋಟಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಪಟ್ಟಿಯಾಗ ಭೀಮಾ ದಂಡಿಯ ಸುಣ್ಣದ ಕಲ್ಲು, ಬೂದಿ, ನೀಲಿ ಛಾಯೆ, ಪುಸ್ತಕದ ಹಾಳಿ ಹಂಗ ಪದರ ಪದರ. ಮಗಳು ಹೇಳಿದ್ದು, ಐರ್ಲೆಂಡಿನ ಸುಣ್ಣದ ಕಲ್ಲಿನ್ಯಾಗ ಹಳೇ ಸಮುದ್ರದ ಚಿಪ್ಪು ಹವಳ ಕಾಣ್ತಾವಂತ, ನಮ್ಮ ಕಲ್ಲಿನ್ಯಾಗ ಅವು ಕಾಣಂಗಿಲ್ಲ, ಯಾಕಂದ್ರ ನಮ್ಮದು ಅದಕ್ಕಿಂತ ಭಾಳ ಹಳೇದು, ಪ್ರಾಣಿಗಳಿಗೆ ಚಿಪ್ಪು ಅನ್ನೋದೇ ಬರೋಕ್ಕಿಂತ ಮೊದಲಿಂದು. ಇದನ್ನ ನಮ್ಮ ಸಾಲಿಯಾಗ ನನಗ ಯಾರೂ ಹೇಳಿರಲಿಲ್ಲ, ಅದರ ಮ್ಯಾಲೇ ಕುಂತಿದ್ವಿ ನಾವು.

ಶಾಬಾದಿ ಕಲ್ಲು ನೆಲಕ್ಕಷ್ಟೇ ಲಾಯಕ್ಕು, ಕೆತ್ತಾಕ ಬರಂಗಿಲ್ಲ, ಪದರ ಬಿಟ್ಟು ಹೋಗ್ತದ ಅಂತ ನನಗ ಒಬ್ಬ ಇಂಜಿನಿಯರ್ ಹೇಳಿದ್ರು. ಅರ್ಧ ಖರೇ. ದುಂಡಗ ಕಂಬ ಕಡಿಯಾಕ ಅದು ಒಗ್ಗಂಗಿಲ್ಲ, ಅದನ್ನ ನಾನೂ ಒಪ್ತೀನಿ. ಆದ್ರ ಸನ್ನತಿ ಹತ್ರ ಕನಗನಹಳ್ಳಿಗೆ ಹೋಗಿ ನೋಡ್ರಿ. ಭೀಮಾ ದಂಡಿಮ್ಯಾಗ ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪ, ಸುಣ್ಣದ ಕಲ್ಲಿನ ಚಪ್ಪಡಿ ಮ್ಯಾಲ ಗಿಡ, ಆನಿ, ಮನಿ, ಮಂದಿ, ಎಲ್ಲಾ ಕೆತ್ಯಾರ, ಅಶೋಕ ಚಕ್ರವರ್ತಿ ರಾಣಿ ಜೋಡಿ ನಿಂತಾನ, ಪಕ್ಕದಾಗ ರಾಯ ಅಸೋಕೋ ಅಂತ ಹೆಸರು ಬರದದ. ಅವರು ಕಲ್ಲಿನ ಗುಣಕ್ಕ ತಕ್ಕಂಗ ಚಪ್ಪಡಿ ಮ್ಯಾಲೇ, ತೆಳ್ಳಗೇ ಕೆತ್ತಿದ್ರು. ಕಲ್ಲು ಹೆಂಗ ಬೇಡ್ತದೋ ಹಂಗ ಕೆತ್ತಬೇಕು, ಅದು ಆಗಿನವರಿಗೆ ಗೊತ್ತಿತ್ತು. ವುಡ್‌ವರ್ಡನ ಟ್ರಿನಿಟಿ ಬಿಲ್ಡಿಂಗಿನ್ಯಾಗೂ ಹೊರಗಿನ ಗೋಡಿ ಗ್ರಾನೈಟು, ಅದು ಎಲಿ ಬಳ್ಳಿ ಕೆತ್ತಾಕ ಬಿರುಸು ಅಂತ ಕೆತ್ತನಿ ಬರೋ ಜಾಗಕ್ಕ ಮೆತ್ತಗಿನ ಪೋರ್ಟ್‌ಲ್ಯಾಂಡ್ ಕಲ್ಲು ಇಂಗ್ಲೆಂಡಿಂದ ತರಿಸಿ ಹಾಕ್ಯಾರ. ಎಲ್ಲಾ ಒಂದೇ ಕಲ್ಲಿನ್ಯಾಗ ಆಗಬೇಕು ಅನ್ನೋ ಹಟ ಅವನಿಗೂ ಇರಲಿಲ್ಲ, ನನಗೂ ಇಲ್ಲ.

ಟ್ರಿನಿಟಿ ಹಾಲಿನ ಮ್ಯಾಲ ಎರಡು ಗುಮ್ಮಟ ಅದಾವ, ನೀಲಿ ಕೆಂಪು ಹಳದಿ ಬಣ್ಣದ ಇಟ್ಟಂಗಿಲಿಂದ ಕಟ್ಟಿದ್ದು. ಮಗಳು ಅದನ್ನ ತೋರಿಸಿದಾಗ ನನ್ನ ಹೆಂಡ್ತಿ ಏ ಇದು ನಮ್ಮ ಕಡಿ ಮಸೀದಿ ಕಂಡಂಗ ಕಾಣ್ತದಲ್ಲ ಅಂದ್ಳು. ಖರೇನೇ, ವುಡ್‌ವರ್ಡ್ ವೆನಿಸ್, ಬೈಜಾಂಟಿನ್, ಮೂರಿಷ್ (ಸ್ಪೇನಿನ ಹಳೇ ಮುಸ್ಲಿಂ ರಾಜ್ಯಗಳ) ಕಟ್ಟಡಗಳ ಕಮಾನು ನೋಡಿ ಕಲ್ತಾಂವ. ನಮ್ಮ ಕಲಬುರಗಿ ಕೋಟಿಯೊಳಗಿನ ಜಾಮಿ ಮಸೀದಿ 1367ರದ್ದು, ಅಂಗಳ ಅನ್ನೋದೇ ಇಲ್ಲದಂಗ ಇಡೀ ಮಸೀದಿ ಗುಮ್ಮಟದ ಕೆಳಗ ಅದ, ಮೇ ತಿಂಗಳ ಮಧ್ಯಾಹ್ನ ಹೊರಗ ನೆತ್ತಿ ಸುಡುವಾಗ ಆ ಕಮಾನಿನ ಸಾಲಿನೊಳಗ ನಿಂತ್ರ ಗೊತ್ತಾಗ್ತದ ಕಟ್ಟಿದಾಂವಗ ನಮ್ಮ ಬಿಸಲು ಎಷ್ಟು ತಿಳದಿತ್ತು ಅಂತ. ಅದರ ಶಾಸನದಾಗ ಕಟ್ಟಿದವನ ಹೆಸರೂ ಅದ, ಕಜ್ವೀನ್ ಊರಿನ ರಫೀ. ಬೀದರಿನ ಮಹಮೂದ್ ಗವಾನ್ ಮದರಸಾ 1472ರದ್ದು, ಬಣ್ಣದ ಟೈಲ್ಸ್ ಅಂದ್ರ ಅವು, ಐನೂರು ವರ್ಷ ಆದ್ರೂ ಉಳಿದಷ್ಟು ನೀಲಿ ಇನ್ನೂ ನೀಲಿನೇ ಅದ. ಇನ್ನೊಂದು ಮಾತು, ಸುರಪುರದಾಗ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ನೌಕರಿ ಬಿಟ್ಟ ಮ್ಯಾಲ ಹೋಗಿ ಉಳಿದಿದ್ದು ಡಬ್ಲಿನ್ ಕಡಿನೇ, ನಮ್ಮ ಸುರಪುರ ಸೀಮಿಯ ಹಳೇ ಕಲ್ಲಿನ ಗೋರಿಗಳ ಬಗ್ಗೆ ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಗೆ ಬರದು ಕೊಟ್ಟಾನ. ಅಂದ್ರ ನೂರಾ ಅರವತ್ತು ವರ್ಷದ ಹಿಂದೆನೇ ನಮ್ಮ ಕಲ್ಲಿನ ಸುದ್ದಿ ಡಬ್ಲಿನ್ ಮುಟ್ಟಿತ್ತು.

ಇಷ್ಟೆಲ್ಲಾ ಇಟ್ಕೊಂಡು ನಾವು ಕಟ್ಟೋದು ಏನ್ರಿ? ಯಾವ ಹೊಸ ಕಚೇರಿ ನೋಡ್ರಿ, ಮುಂದ ನೀಲಿ ಗಾಜು, ಮ್ಯಾಲ ಎಸಿಪಿ (ಅಲ್ಯೂಮಿನಿಯಂ) ಶೀಟು, ಒಳಗ ಗುಜರಾತಿನ ಮೋರ್ಬಿ ಟೈಲ್ಸು. ನಲವತ್ತು ಡಿಗ್ರಿ ದಾಟೋ ಊರಾಗ ಪಶ್ಚಿಮಕ್ಕ ಗಾಜಿನ ಗೋಡಿ ಹಾಕ್ಸಿ, ಒಳಗ ಬೇಯ್ತದ ಅಂತ ಎಸಿ ಹಾಕ್ಸಿ, ಎಸಿ ಬಿಲ್ ಬಂತು ಅಂತ ಪರದೆ ಹಾಕ್ಸಿ, ಕತ್ತಲಾತು ಅಂತ ಹಗಲೇ ಲೈಟ್ ಹಚ್ಚಿ ಕುಂದ್ರೋದು. ಮಳಿಗಾಲದಾಗ ಆ ಟೈಲ್ಸ್ ಮ್ಯಾಲ ಜಾರಿ ಬಿದ್ದು ನಮ್ಮ ಓಣಿಯ ಒಬ್ಬ ಮುದುಕಿ ಸೊಂಟ ಮುರಕೊಂಡಳು, ಪಿಂಚಣಿ ಕೇಳಾಕ ಹೋದಾಕಿ. ಎಲ್ಲಾ ಕಚೇರಿನೂ ಒಂದೇ ನಮೂನಿ, ಫೋಟೋ ನೋಡಿ ಇದು ಕಲಬುರಗಿನೋ ನಾಗಪುರನೋ ಹೇಳಾಕ ಬರಂಗಿಲ್ಲ. ಇತ್ಲಾಗ ಶಹಾಬಾದ್ ಸುತ್ತ ಖಣಿ ಒಂದೊಂದೇ ಮುಚ್ಚಿ ಗುಂಡಿಯಾಗ ನೀರು ನಿಂತಾವ, ಕಲ್ಲು ಎಬ್ಬಿಸೋ ಕೈಗಳು ಪುಣೆಯಾಗ ವಾಚ್‌ಮನ್ ಆಗ್ಯಾವ. ನನ್ನ ಜೋಡಿ ಓದಿದ ಹುಡುಗರೇ ಅವರು.

ಸಂವಿಧಾನದ 371(ಜೆ) ಕಲಂ ಬಂದ ಮ್ಯಾಲ ನಮ್ಮ ಭಾಗಕ್ಕ ಅಂತ ಬ್ಯಾರೆ ರೊಕ್ಕ ಬರ್ತದ, ಸಾಲಿ ಹಾಸ್ಟೆಲ್ ದವಾಖಾನಿ ಲೈಬ್ರರಿ ಎಲ್ಲಾ ಕಟ್ತಾರ, ಅದು ಒಳ್ಳೇದೇ. ನಾ ಕೇಳೋದು ಇಷ್ಟೇ, ಆ ರೊಕ್ಕದಾಗ ಕಟ್ಟೋ ಬಿಲ್ಡಿಂಗಿನ ಎಸ್ಟಿಮೇಟಿನ್ಯಾಗ ನೆಲಕ್ಕ ಶಾಬಾದಿ ಫರಸಿ, ಗೋಡಿಗೆ ಆ ಜಿಲ್ಲೆಯ ಕಲ್ಲು ಅಂತ ಬರೀರಿ. ಬೀದರದಾಗ ಜಂಬಿಟ್ಟಿಗಿ ಇರಲಿ, ಯಾದಗಿರಿಯಾಗ ಗ್ರಾನೈಟ್ ಇರಲಿ. ಎಲ್ಲಾ ಬಿಲ್ಡಿಂಗ್ ಆಗದಿದ್ರ ಒಂದೇ ಒಂದು ಲೈಬ್ರರಿ ಮಾಡಿ ತೋರಸ್ರಿ. ಅದರ ವರಾಂಡದಾಗ ಕಲ್ಯಾಣ ಕರ್ನಾಟಕದ ಎಲ್ಲಾ ಕಲ್ಲೂ ಒಂದೊಂದು ಕಂಬ, ಬುಡದಾಗ ಕಲ್ಲಿನ ಹೆಸರು, ಊರಿನ ಹೆಸರು, ಅದನ್ನ ಕಡಿದವನ ಹೆಸರು. ಮೂರನೇದ್ದು ಆಕ್ಸ್‌ಫರ್ಡಿನ ಕಂಬದ ಬುಡದಾಗ ಇಲ್ಲ, ನಮ್ಮದರಾಗ ಇರಬೇಕು ಅಂತ ನನ್ನ ಆಸೆ.

ಮತ್ತ ಕೆತ್ತನಿ. ವುಡ್‌ವರ್ಡ್ ಮಾಡಿದ ಬಿಲ್ಡಿಂಗ್ ನಕಲು ಮಾಡ್ರಿ ಅಂತ ನಾ ಹೇಳ್ತಿಲ್ಲ, ಆಕ್ಸ್‌ಫರ್ಡಿನ್ಯಾಗ ಕಬ್ಬಿಣದ ಕಂಬದ ಮ್ಯಾಲ ಗಾಜಿನ ಮಾಳಿಗಿ ಹಾಕ್ಯಾನ, ಅದೂ ಮೊದಲ ಸಲ ಕಬ್ಬಿಣ ಭಾರ ತಡಿಯದೆ ಬಿಚ್ಚಿ ಮತ್ತ ಕಟ್ಟಬೇಕಾತು, ಅಂಥಾ ಗಾಜಿನ ಮಾಳಿಗಿ ಕಲಬುರಗಿಯಾಗ ಹಾಕಿದ್ರ ಮಂದಿ ಉಳಿಯಂಗಿಲ್ಲ. ತಗೋಬೇಕಾಗಿದ್ದು ಅವನ ಪದ್ಧತಿ. ಅವರು ತಮ್ಮ ತೋಟದ ಗಿಡ ಕೆತ್ತಿದ್ರು, ನಾವು ನಮ್ಮ ಹೊಲದ್ದು ಕೆತ್ತೋಣ. ತೊಗರಿ ಕಾಯಿ ಕೆತ್ತಿದ ಒಂದು ಚಪ್ಪಡಿ ಕಲಬುರಗಿಯಾಗ ನಾ ಇನ್ನೂ ನೋಡಿಲ್ಲ, ದೇಶಕ್ಕೆಲ್ಲಾ ಬ್ಯಾಳಿ ಕೊಡೋ ಜಿಲ್ಲಾ ಇದು! ತೊಗರಿ ಹೂವಿನ ಹಳದಿ ಕಲ್ಲಿಗಿ ಬರಂಗಿಲ್ಲ, ಆದ್ರ ಆ ಕಾಯಿ ಒಳಗಿನ ಕಾಳಿನ ಉಬ್ಬು, ಒಣಗಿದಾಗ ತಿರುಚೋ ತೊಗಟಿ, ಅವು ಶಾಬಾದಿ ಕಲ್ಲಿನ್ಯಾಗ ಎಷ್ಟು ಛಂದ ಕೂಡ್ತಾವ ಅಂತ ನನ್ನ ಕಣ್ಣಿಗಿ ಕಟ್ಟೇದ. ಬಿಳಿಜೋಳದ ತೆನಿ, ಕುಸುಬಿ ಮುಳ್ಳು, ಬನ್ನಿ ಎಲಿ, ಜಾಲಿ ಕಾಯಿ, ಹುಣಸಿ. ಸಾಲಿ ಬಾಗಿಲಿನ ಚೌಕಟ್ಟಿಗೆ ಒಂದು ಗುಬ್ಬಿ. ನಮ್ಮ ಕಡಿ ಕಲ್ಲು ಕೆತ್ತೋ ಮಂದಿ ಈಗ ದೇವರ ಮೂರ್ತಿ, ಒಳಕಲ್ಲು, ಸಮಾಧಿ ಕಲ್ಲು ಅಷ್ಟಕ್ಕೇ ಉಳದಾರ. ಅವರ ಪೈಕಿ ನನಗ ಗೊತ್ತಿದ್ದ ಒಬ್ಬ ಹಿರಿಯರಿಗೆ ಮಗಳ ಫೋಟೋ ತೋರಿಸ್ದೆ. ಕಣ್ಣಿಗಿ ಹತ್ರ ಹಿಡದು ಭಾಳೊತ್ತು ನೋಡಿದ್ರು. ಆಮ್ಯಾಲ ಒಂದೇ ಮಾತು ಕೇಳಿದ್ರು, ಇವರಿಗೆ ಎಷ್ಟು ದಿನ ಟೈಮ್ ಕೊಟ್ಟಿದ್ರು ಅಂತ. ಟೆಂಡರ್ ಬರಿಯೋರು ಈ ಪ್ರಶ್ನಿಗೆ ಉತ್ತರ ಕೊಡಬೇಕು.

ಖರ್ಚು ಹೆಚ್ಚಾಗ್ತದ ಅಂತಾರ. ನೆಲಕ್ಕ ಹಾಕೋ ಫರಸಿಗೆ ಒಳ್ಳೇ ಟೈಲ್ಸಿಗಿಂತ ಹೆಚ್ಚು ಬೀಳಂಗಿಲ್ಲ, ಇದು ನಾ ದಿನಾ ಮಾಡೋ ಲೆಕ್ಕ, ಅದೂ ಮೂವತ್ತು ನಲವತ್ತು ಕಿಲೋಮೀಟರ್ ದೂರದಿಂದ ಬರೋ ಕಲ್ಲು. ಕೆತ್ತನಿಗೆ ಖರ್ಚು ಅದ, ಇಲ್ಲ ಅನ್ನಂಗಿಲ್ಲ. ಆದ್ರ ಆ ರೊಕ್ಕ ಶಹಾಬಾದಿನ ಮನಿಗೇ ಹೋಗ್ತದ, ಮೋರ್ಬಿಗಲ್ಲ. ಕೆಲಸ ಅರ್ಧಕ್ಕ ನಿಂತ್ರ ಅಂತ ಹೆದರಬ್ಯಾಡ್ರಿ, ಆಕ್ಸ್‌ಫರ್ಡಿನ್ಯಾಗ ಅರ್ಧಕ್ಕ ನಿಂತಿದ್ದನ್ನೇ ಇವತ್ತು ಜಗತ್ತು ನೋಡಾಕ ಹೋಗ್ತದ.

ಆದ್ರ ಕಟ್ಟಿದ ಮ್ಯಾಲ ಕಾಯೋದೂ ಇರ್ತದ. ಡಬ್ಲಿನ್ನಿನವರೂ ತಪ್ಪು ಮಾಡ್ಯಾರ, ವುಡ್‌ವರ್ಡನ ಕಿಲ್ಡೇರ್ ಸ್ಟ್ರೀಟ್ ಕ್ಲಬ್ಬಿನ ಹೊರಗ ಮಂಗ್ಯಾಗಳು ಬಿಲಿಯರ್ಡ್ಸ್ ಆಡೋ ಕೆತ್ತನಿ ಉಳಿದದ, ಒಳಗಿನ ಕಲ್ಲಿನ ದೊಡ್ಡ ಮೆಟ್ಟಲನ್ನ 1970ರ ದಶಕದ ಶುರುವಿನ್ಯಾಗ ಒಡದು ಹಾಕಿಬಿಟ್ರು, ಅದು ಮತ್ತ ಬರಂಗಿಲ್ಲ. ನಮ್ಮ ಮೂರು ಜಿಲ್ಲಾದಾಗ ರಿಪೇರಿ ಅಂತ ಕಿತ್ತು ಹಾಕೋ ಹಳೇ ಫರಸಿ, ಕಲ್ಲಿನ ಚೌಕಟ್ಟು, ಕಂಬ ಇವನ್ನಾದ್ರೂ ಒಡೀಬ್ಯಾಡ್ರಿ, ತಗದು ತಿರುವಿ ಹಾಕಿದ್ರ ಹೊಸದೇ. ನಮ್ಮ ಸಾಲಿ ಮುಂದ ಬಿದ್ದ ಫರಸಿಯಾಗ ಒಡಿಯದೇ ಉಳಿದ ಹನ್ನೊಂದು ಕಲ್ಲು ಆರಿಸಿ, ಅವರನ್ನ ಕೇಳಿ, ಟೆಂಪೋದಾಗ ಹಾಕ್ಕೊಂಡು ಮನಿಗೆ ತಂದೀನಿ. ಯಾವುದಾದ್ರೂ ಲೈಬ್ರರಿ, ಸಾಲಿ, ಕಾಲೇಜು ಕಟ್ಟೋರು ಹಾಕ್ತೀವಿ ಅಂದ್ರ ಪುಕ್ಕಟೆ ಕೊಡ್ತೀನಿ, ಹಾಸೋ ದಿವಸ ನಾನೇ ಬಂದು ಕೂಡಿಸಿ ಕೊಡ್ತೀನಿ. ಖಣಿ ನೋಡಬೇಕು ಅನ್ನೋ ಇಂಜಿನಿಯರುಗಳಿಗೆ, ಜಿಯಾಲಜಿ ಓದೋ ಹುಡುಗರಿಗೆ ಯಾವ ಪದರದಾಗ ಯಾವ ಬಣ್ಣ ಬರ್ತದ ಅಂತ ತೋರಿಸಾಕ ನಮ್ಮಪ್ಪ ಇನ್ನೂ ಅದಾನ, ಕಣ್ಣು ಮಬ್ಬಾಗ್ಯಾವ ಆದ್ರ ಸುತ್ತಿಗಿಲೆ ತಟ್ಟಿ ಸಪ್ಪಳ ಕೇಳೇ ಹೇಳ್ತಾನ. ಮಳಿ ಹಿಡಿಯೋ ಮೊದಲ ಬಂದ್ರ ಚಲೋ, ಆಮ್ಯಾಲ ಖಣಿಯಾಗ ನೀರು ತುಂಬ್ತದ.

ಇಂತಿ,
ಶಹಾಬಾದ್ ಸೀಮಿಯ ಒಬ್ಬ ಓದುಗ, ಕಲಬುರಗಿ